ಮಧ್ಯಾಹ್ನವಾದರೆ ಮೊಡಾಫಿನಿಲ್ ಕೈಕೊಡುತ್ತಿದೆ: ನಾರ್ಕೊಲೆಪ್ಸಿ ಇರುವವರು ಯಾವ ಔಷಧಿಯನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ?

ಅರೆಎಚ್ಚರ:

ಎಲ್ಲರಿಗೂ ನಮಸ್ಕಾರ. ನನಗೆ ಟೈಪ್ 1 ನಾರ್ಕೊಲೆಪ್ಸಿ, ಅಂದರೆ ಹಗಲಲ್ಲೂ ತಡೆಯಲಾಗದ ನಿದ್ದೆ ಬರುವ ಕಾಯಿಲೆ, ಅಂತ ಖಚಿತವಾಗಿ ಸ್ವಲ್ಪ ಕಾಲವಾಯಿತು. ರಾತ್ರಿಯಿಡೀ ತಲೆಗೆ ವೈರು ಅಂಟಿಸಿ ಮಾಡುವ ಪಾಲಿಸಾಮ್ನೊಗ್ರಫಿ, ಮರುದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿ ನೋಡುವ ಎಂಎಸ್‌ಎಲ್‌ಟಿ, ಎರಡೂ ಆಗಿದೆ. ಹದಿಹರೆಯದಿಂದಲೂ ಸೋಮಾರಿ ಅನ್ನಿಸಿಕೊಂಡೇ ಬಂದವನಿಗೆ ಕಾಯಿಲೆಗೊಂದು ಹೆಸರು ಸಿಕ್ಕಿದ್ದೇ ದೊಡ್ಡ ನೆಮ್ಮದಿ.

ಈಗ ಬೆಳಿಗ್ಗೆ ಎಚ್ಚರವಿರಿಸುವ ಮಾತ್ರೆ ಮೊಡಾಫಿನಿಲ್ 200 ಮಿ.ಗ್ರಾಂ ನಡೆಯುತ್ತಿದೆ. ಶುರು ಮಾಡಿದ ಹೊಸದರಲ್ಲಿ ಖುಷಿಗೆ ಅತ್ತುಬಿಟ್ಟಿದ್ದೆ. ಎಚ್ಚರ ಅಂದರೆ ಹೀಗಿರುತ್ತದೆ ಅಂತ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆದರೆ ಮಧ್ಯಾಹ್ನದ ಊಟದ ಹೊತ್ತು ದಾಟಿದರೆ ಮುಗಿಯಿತು. ಎರಡೂವರೆ, ಮೂರು ಗಂಟೆಗೆ ಕಣ್ಣು ತೆರೆದೇ ಇರುತ್ತದೆ, ಕೈ ಕೆಲಸ ಮಾಡುತ್ತಲೇ ಇರುತ್ತದೆ, ನಾನು ಮಾತ್ರ ಅಲ್ಲಿರುವುದಿಲ್ಲ. ನಿನ್ನೆ ಮೀಟಿಂಗ್‌ನಲ್ಲಿ ಬರೆದುಕೊಂಡ ಟಿಪ್ಪಣಿ ತೆಗೆದು ನೋಡಿದೆ. ಮೊದಲ ಅರ್ಧ ಪುಟ ಚೆಂದದ ಅಕ್ಷರ. ಆಮೇಲೆ ಒಂದೇ ಪದ ಮತ್ತೆ ಮತ್ತೆ. ಅದರ ಕೆಳಗೆ ಹಾಳೆಯ ಅಂಚಿನವರೆಗೆ ಜಾರಿ ಹೋದ ಒಂದು ಗೀಟು.

ಇನ್ನೊಂದು ವಿಷಯ. ಜೋರಾಗಿ ನಕ್ಕರೆ ಮಂಡಿ ಕುಸಿಯುತ್ತದೆ, ದವಡೆ ಸಡಿಲವಾಗಿ ಮಾತು ತೊದಲುತ್ತದೆ. ಪ್ರಜ್ಞೆ ಪೂರ್ತಿ ಇರುತ್ತದೆ, ಸುತ್ತಲಿನವರ ಮಾತೆಲ್ಲ ಕೇಳಿಸುತ್ತದೆ, ಮೈ ಮಾತ್ರ ಹೇಳಿದ ಹಾಗೆ ಕೇಳುವುದಿಲ್ಲ. ಮಾತ್ರೆ ಶುರುವಾದ ಮೇಲೂ ಇದು ಒಂದಿಷ್ಟೂ ಕಡಿಮೆಯಾಗಿಲ್ಲ. ಮುಂದಿನ ಭೇಟಿಯಲ್ಲಿ ಡೋಸ್ ಏರಿಸುವುದೋ ಬೇರೆ ಔಷಧಿ ಸೇರಿಸುವುದೋ ನೋಡೋಣ ಅಂದಿದ್ದಾರೆ ಡಾಕ್ಟರ್. ಇರುವುದರಲ್ಲಿ ಯಾವುದು ಹೆಚ್ಚು ಸ್ಟ್ರಾಂಗ್? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಳೇಮಂಪರು:

ಸ್ವಾಗತ. ಯಾವುದು ಸ್ಟ್ರಾಂಗ್ ಅನ್ನೋ ಪ್ರಶ್ನೆಯನ್ನ ಮೊದಲು ಬದಿಗಿಡಿ. ಬಹಳ ವರ್ಷಗಳಿಂದ ಈ ಕಾಯಿಲೆ ಜೊತೆ ಬದುಕ್ತಿರೋ ನಾನು ಇಷ್ಟನ್ನ ಧೈರ್ಯವಾಗಿ ಹೇಳಬಲ್ಲೆ: ಯಾವ ಲಕ್ಷಣ, ದಿನದ ಯಾವ ಹೊತ್ತು, ಈ ಎರಡನ್ನ ಕೇಳಿಕೊಂಡ ಮೇಲೇ ಔಷಧಿಯ ಹೆಸರು ಬರಬೇಕು.

ನಿಮ್ಮ ಪೋಸ್ಟ್‌ನಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಒಂದು, ಮಧ್ಯಾಹ್ನದ ಮಂಪರು. ಇನ್ನೊಂದು, ನಕ್ಕಾಗ ಮಂಡಿ ಕುಸಿಯೋದು, ಅಂದರೆ ಕ್ಯಾಟಪ್ಲೆಕ್ಸಿ. ಮೊಡಾಫಿನಿಲ್ ಮೊದಲನೆಯದಕ್ಕೆ ಮಾತ್ರ. ಅದನ್ನ 400ಕ್ಕೆ ಏರಿಸಿದರೂ ಕ್ಯಾಟಪ್ಲೆಕ್ಸಿ ಹಾಗೇ ಇರುತ್ತೆ. ಮಾತ್ರೆ ನಕಲಿಯೋ ಏನೋ ಅಂತ ಅನುಮಾನ ಪಡೋದು ಬೇಡ, ಅದರ ಕೆಲಸವೇ ಅದಲ್ಲ.

ಮಂಪರಿನ ವಿಷಯಕ್ಕೆ ಬಂದರೆ, ಡೋಸ್ ಏರಿಸೋ ಮೊದಲು ಹೊತ್ತು ಹಂಚೋದರ ಬಗ್ಗೆ ಕೇಳಿ. ಬೆಳಿಗ್ಗೆ ಎದ್ದ ತಕ್ಷಣ ಒಂದು ಭಾಗ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಇನ್ನೊಂದು ಭಾಗ. ಹೀಗೆ ಹಂಚಿದಾಗ ಸಂಜೆವರೆಗಿನ ಎಚ್ಚರ ಸುಧಾರಿಸೋದು ಅಧ್ಯಯನಗಳಲ್ಲೂ ಕಂಡಿದೆ. ಆದರೆ ಎರಡನೆಯದನ್ನ ನಾಲ್ಕು ಗಂಟೆಗೆ ನುಂಗಬೇಡಿ. ಮೊಡಾಫಿನಿಲ್‌ನ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯೋಕೆ ಬೇಕಾದ ಹೊತ್ತು, 12ರಿಂದ 15 ಗಂಟೆ. ನಿಮಗೆ ಅದು ಇಳಿದುಹೋಯ್ತು ಅನ್ನಿಸಿದರೂ ಮೈಯಲ್ಲಿ ಉಳಿದಿರುತ್ತೆ, ರಾತ್ರಿ ನಿದ್ದೆ ಕೆಡಿಸುತ್ತೆ. ಮೊದಲೇ ನಮ್ಮ ರಾತ್ರಿ ನಿದ್ದೆ ಚೂರುಚೂರು. ಅದೂ ಕೆಟ್ಟರೆ ಮರುದಿನಕ್ಕೆ ಯಾವ ಮಾತ್ರೆಯೂ ಸಾಲಲ್ಲ.

ಅದರ ಜೊತೆಗೆ, ಊಟವಾದ ಮೇಲೆ 15ರಿಂದ 20 ನಿಮಿಷ ಅಲಾರಂ ಇಟ್ಟು ಮಲಗಿ. ಮಂಪರು ಬಂದು ಹೊಡೆದುರುಳಿಸೋವರೆಗೆ ಕಾಯಬೇಡಿ, ಗೊತ್ತುಮಾಡಿದ ಹೊತ್ತಿಗೇ ಮಲಗಿ. ಎಷ್ಟೋ ಜನ ಇದನ್ನ ಚಿಕಿತ್ಸೆ ಅಂತಲೇ ಎಣಿಸಲ್ಲ. ನನ್ನ ಮಟ್ಟಿಗೆ ಈ ನಿದ್ದೆಗೂ ಬೆಳಗಿನ ಮಾತ್ರೆಯಷ್ಟೇ ತೂಕ ಇದೆ.

ಮಾತ್ರೆಪೆಟ್ಟಿಗೆ:

ನಾನು ಫಾರ್ಮಸಿಸ್ಟ್. ಮನೆಯಲ್ಲಿ ತಮ್ಮನಿಗೆ ನಾರ್ಕೊಲೆಪ್ಸಿ ಇರುವುದರಿಂದ ಇಲ್ಲಿ ಬರುತ್ತಿರುತ್ತೇನೆ. ಹಳೇಮಂಪರು ಅವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ.

ಟೈಪ್ 1ರಲ್ಲಿ ನಡೆದಿರುವುದು ಇಷ್ಟು. ಮೆದುಳಿನ ಹೈಪೋಥಲಾಮಸ್ ಭಾಗದಲ್ಲಿ ಒರೆಕ್ಸಿನ್ ಅನ್ನುವ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಾಶವಾಗಿರುತ್ತವೆ. ಹೈಪೊಕ್ರೆಟಿನ್ ಅನ್ನುವುದೂ ಅದಕ್ಕೇ. 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದಿದ್ದರಿಂದ ಎರಡು ಹೆಸರು ಉಳಿದುಕೊಂಡವು. ಎಚ್ಚರವನ್ನು ಎಚ್ಚರವಾಗಿಯೇ, ನಿದ್ದೆಯನ್ನು ನಿದ್ದೆಯಾಗಿಯೇ ಹಿಡಿದಿಡುವುದು ಒರೆಕ್ಸಿನ್‌ನ ಕೆಲಸ. ಅದಿಲ್ಲದಾಗ ಹಗಲಿಗೆ ನಿದ್ದೆ ನುಗ್ಗುತ್ತದೆ, ರಾತ್ರಿಗೆ ಎಚ್ಚರ ನುಗ್ಗುತ್ತದೆ. ಕನಸು ಬೀಳುವ ಆರ್‌ಇಎಂ ನಿದ್ದೆಯಲ್ಲಿ ಎಲ್ಲರ ಸ್ನಾಯುಗಳೂ ಸಡಿಲವಾಗುತ್ತವೆ. ಆ ಸಡಿಲಿಕೆ ಎಚ್ಚರವಿರುವಾಗಲೇ ಬಂದರೆ ಅದು ಕ್ಯಾಟಪ್ಲೆಕ್ಸಿ. ಈಗ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮಾತ್ರೆಗಳು ಒರೆಕ್ಸಿನ್‌ನ ಕೊರತೆಯನ್ನೇ ತುಂಬುವಂಥವಲ್ಲ, ಬೇರೆ ದಾರಿಗಳಿಂದ ಎಚ್ಚರವನ್ನು ಎತ್ತಿ ಹಿಡಿಯುವಂಥವು.

ಮೊಡಾಫಿನಿಲ್ ಮೆದುಳಿನ ಡೋಪಮೈನ್ ಅನ್ನುವ ರಾಸಾಯನಿಕದ ಮರುಹೀರಿಕೆಯನ್ನು, ಅಂದರೆ ಜೀವಕೋಶಗಳು ಅದನ್ನು ಮತ್ತೆ ಒಳಗೆಳೆದುಕೊಳ್ಳುವುದನ್ನು, ತಡೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು 1998ರ ಕೊನೆಯಲ್ಲಿ, ಫ್ರಾನ್ಸ್‌ನಲ್ಲಿ ಅದಕ್ಕೂ ಮುಂಚೆಯೇ ಬಳಕೆಯಲ್ಲಿತ್ತು. ಆರ್ಮೊಡಾಫಿನಿಲ್ ಅಂದರೆ ಅದೇ ಅಣುವಿನ ಒಂದು ರೂಪ, ದಿನದ ಕೊನೆಯವರೆಗೆ ಸ್ವಲ್ಪ ಹೆಚ್ಚು ಹೊತ್ತು ಎಳೆಯುತ್ತದೆ, ಡೋಸ್ ಸಾಮಾನ್ಯವಾಗಿ 150ರಿಂದ 250 ಮಿ.ಗ್ರಾಂ. ಮಧ್ಯಾಹ್ನ ಕೈಕೊಡುವವರಿಗೆ ಡಾಕ್ಟರ್ ಇದನ್ನೂ ಯೋಚಿಸಬಹುದು. ತಲೆನೋವು ಇವೆರಡರಲ್ಲೂ ಸಾಮಾನ್ಯ, ಶುರುವಿನಲ್ಲಿ ಹೆಚ್ಚು.

ಎರಡು ಎಚ್ಚರಿಕೆಗಳನ್ನು ಮಾತ್ರ ಒತ್ತಿ ಹೇಳುತ್ತೇನೆ. ಮೊಡಾಫಿನಿಲ್ ಶುರು ಮಾಡಿದ ಮೇಲೆ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಾಣಿಸಿಕೊಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರನ್ನು ಕಾಣಬೇಕು. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅನ್ನುವ ಚರ್ಮದ ತೀವ್ರ ಅಡ್ಡಪರಿಣಾಮ ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ಎರಡನೆಯದು, ಹಾರ್ಮೋನ್ ಇರುವ ಗರ್ಭನಿರೋಧಕಗಳ ಬಲವನ್ನು ಮೊಡಾಫಿನಿಲ್ ತಗ್ಗಿಸುತ್ತದೆ. ಅದನ್ನು ತೆಗೆದುಕೊಳ್ಳುವಷ್ಟು ಕಾಲ ಮತ್ತು ನಿಲ್ಲಿಸಿದ ಮೇಲೂ ಒಂದು ತಿಂಗಳು ಬೇರೆ ವಿಧಾನ ಬೇಕು. ಇದನ್ನು ಯಾರೂ ಹೇಳಲಿಲ್ಲ ಅಂತ ಹೇಳುವ ಹೆಣ್ಣುಮಕ್ಕಳನ್ನು ಎಷ್ಟೋ ಸಲ ನೋಡಿದ್ದೇನೆ. ಚೀಟಿ ಬರೆಯುವಾಗಲೇ ಹೇಳಬೇಕಾದ ಮಾತು ಇದು.

ನೇರಮಾತು:

ಎಲ್ಲರೂ ಮಾತ್ರೆ ಬಗ್ಗೆಯೇ ಮಾತಾಡ್ತಿದ್ದೀರಿ. ರಾತ್ರಿ ಬೇಗ ಮಲಗಿ, ಮೊಬೈಲ್ ದೂರ ಇಟ್ಟು, ದಿನಾ ವ್ಯಾಯಾಮ ಮಾಡಿದರೆ ಹಗಲು ನಿದ್ದೆ ತಾನಾಗೇ ಹೋಗುತ್ತೆ. ನನ್ನ ವಿಷಯದಲ್ಲಿ ಹಾಗೇ ಆಯ್ತು. ಮಿದುಳಿಗೆ ಕೆಲಸ ಮಾಡೋ ಮಾತ್ರೆಗೆ ಒಮ್ಮೆ ಬಿದ್ದರೆ ಹೊರಗೆ ಬರೋದು ಕಷ್ಟ ಅಂತ ನನ್ನ ಕಾಳಜಿ.

ಹಳೇಮಂಪರು:

ನಿಮಗೆ ಹೋಗಿದ್ದು ನಿದ್ದೆಯ ಕೊರತೆ, ನಾರ್ಕೊಲೆಪ್ಸಿ ಅಲ್ಲ. ಸಾಕಷ್ಟು ಮಲಗದವರಿಗೆ ಸಾಕಷ್ಟು ಮಲಗೋದೇ ಔಷಧಿ, ಒಪ್ತೀನಿ. ಆದರೆ ಟೈಪ್ 1 ಇದ್ದವರು ತೀರಿಕೊಂಡ ಮೇಲೆ ಅವರ ಮೆದುಳನ್ನ ಪರೀಕ್ಷಿಸಿದ ಸಂಶೋಧನೆ 2000ದಲ್ಲೇ ಬಂದಿದೆ. ಒರೆಕ್ಸಿನ್ ಜೀವಕೋಶಗಳು 85ರಿಂದ 95 ಶೇಕಡಾ ಇಲ್ಲವಾಗಿದ್ದವು. ಸತ್ತ ಜೀವಕೋಶ ಬೇಗ ಮಲಗಿದರೆ ಹುಟ್ಟಿಬರಲ್ಲ. ಇನ್ಸುಲಿನ್ ಬೇಕಾದವರಿಗೆ ಶಿಸ್ತು ಸಾಕು ಅಂತ ಯಾರೂ ಹೇಳಲ್ಲ, ನಮಗೆ ಮಾತ್ರ ಎಲ್ಲರೂ ಹೇಳ್ತಾರೆ. ಈ ಮಾತು ಕೇಳಿ ಕೇಳಿ ಎಷ್ಟು ಹುಡುಗರು ಪರೀಕ್ಷೆಯನ್ನೇ ಮಾಡಿಸದೆ ವರ್ಷಗಟ್ಟಲೆ ತಮ್ಮನ್ನೇ ಬೈದುಕೊಂಡು ಕೂತಿರ್ತಾರೆ ಅನ್ನೋದು ನನಗೆ ಗೊತ್ತು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿದ್ದೀನಿ.

ಅಭ್ಯಾಸ ಬೀಳೋ ಭಯ ಸುಳ್ಳಲ್ಲ. ಮಿಥೈಲ್‌ಫೆನಿಡೇಟ್, ಆಂಫೆಟಮೈನ್ ಗುಂಪಿನ ಉತ್ತೇಜಕ ಔಷಧಿಗಳಲ್ಲಿ ದುರ್ಬಳಕೆಯ ಅಪಾಯ ಹೆಚ್ಚು, ಎದೆಬಡಿತ ಮತ್ತು ಬಿಪಿಯನ್ನೂ ಏರಿಸುತ್ತವೆ. 1930ರ ದಶಕದಲ್ಲೇ ನಾರ್ಕೊಲೆಪ್ಸಿಗೆ ಆಂಫೆಟಮೈನ್ ಕೊಡೋಕೆ ಶುರುವಾಗಿತ್ತು, ಆಗ ಬೇರೆ ದಾರಿ ಕಡಿಮೆ ಇತ್ತು. ಈಗ ಸಾಮಾನ್ಯವಾಗಿ ಬೇರೆಯವು ಸಾಲದಿದ್ದಾಗ ಇವುಗಳ ಕಡೆ ಹೋಗ್ತಾರೆ.

ರಾತ್ರಿಪಾಳಿ:

ಮಧ್ಯೆ ಬಂದೆ, ಕ್ಷಮಿಸಿ. ನಂಗೂ ಹಗಲೆಲ್ಲಾ ತೂಕಡಿಕೆ. ಗೊರಕೆ ಜಾಸ್ತಿ ಅಂತ ಮನೆಯವರು ಹೇಳ್ತಾರೆ, ಬೆಳಿಗ್ಗೆ ಎದ್ದಾಗ ತಲೆ ಭಾರ. ಸ್ನೇಹಿತರೊಬ್ಬರ ಹತ್ರ ಮೊಡಾಫಿನಿಲ್ ಇದೆ, ಅದನ್ನೇ ಒಂದೆರಡು ತಗೊಂಡು ನೋಡ್ಲಾ?

ಮಾತ್ರೆಪೆಟ್ಟಿಗೆ:

ಬೇಡ ಸರ್, ದಯವಿಟ್ಟು ಬೇಡ. ನೀವು ಹೇಳಿದ್ದು ಸ್ಲೀಪ್ ಆಪ್ನಿಯಾದ ಲಕ್ಷಣಗಳಿಗೆ ಹತ್ತಿರವಿದೆ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು. ಮಾತ್ರೆ ನುಂಗಿ ಎಚ್ಚರವಾಗಿದ್ದರೆ ಉಸಿರಿನ ತೊಂದರೆ ಹಾಗೇ ಉಳಿಯುತ್ತದೆ, ಹೃದಯಕ್ಕೂ ಬಿಪಿಗೂ ಅದರ ಏಟು ಬೀಳುತ್ತಲೇ ಇರುತ್ತದೆ. ಆಪ್ನಿಯಾ ಇದ್ದವರಿಗೂ ಮೊಡಾಫಿನಿಲ್ ಕೊಡುವುದುಂಟು, ಆದರೆ ನಿದ್ದೆಯಲ್ಲಿ ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಸರಿಯಾಗಿ ಬಳಸಿದ ಮೇಲೂ ಉಳಿಯುವ ಮಂಪರಿಗೆ.

ಎಪ್‌ವರ್ತ್ ಪಟ್ಟಿ ಅಂತ ಎಂಟು ಪ್ರಶ್ನೆಗಳ ಒಂದು ಪುಟ್ಟ ಪ್ರಶ್ನಾವಳಿ ಇದೆ, ಒಟ್ಟು 24 ಅಂಕ. 10 ದಾಟಿದರೆ ಹಗಲು ಮಂಪರು ಮಿತಿಮೀರಿದೆ ಅಂತ ಅರ್ಥ. ಅದನ್ನು ತುಂಬಿಕೊಂಡು ನಿದ್ದೆಯ ತಜ್ಞರ ಬಳಿ ಹೋಗಿ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಅಲರ್ಜಿಗೆ ನುಂಗುವ ಮಾತ್ರೆ, ಇವೆಲ್ಲವೂ ಮಂಪರು ತರುತ್ತವೆ. ಕಾರಣ ಗೊತ್ತಾಗದೆ ಎಚ್ಚರದ ಮಾತ್ರೆ ಕೈಗೆತ್ತಿಕೊಳ್ಳಬಾರದು.

ನಸುಕು:

ಅರೆಎಚ್ಚರ ಅವರೇ, ನಿಮ್ಮ ಕ್ಯಾಟಪ್ಲೆಕ್ಸಿ ಬಗ್ಗೆ. ನಾನು ವೆನ್ಲಾಫ್ಯಾಕ್ಸಿನ್ ತೆಗೆದುಕೊಳ್ಳುತ್ತೇನೆ. ಖಿನ್ನತೆಯ ಮಾತ್ರೆ ನನಗೇಕೆ ಅಂತ ಮೊದಲು ಗಾಬರಿಯಾಗಿತ್ತು. ಈ ಗುಂಪಿನ ಔಷಧಿಗಳು ಆರ್‌ಇಎಂ ನಿದ್ದೆಯನ್ನು ಹತ್ತಿಕ್ಕುತ್ತವೆ, ಅದಕ್ಕೇ ಕ್ಯಾಟಪ್ಲೆಕ್ಸಿ ಮೇಲೂ ಕೆಲಸ ಮಾಡುತ್ತವೆ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಫ್ಲೂಆಕ್ಸೆಟಿನ್, ಹಳೆಯ ಕ್ಲೋಮಿಪ್ರಮಿನ್ ಕೂಡ ಇದಕ್ಕೇ ಬಳಸುತ್ತಾರೆ. ನನಗೆ ಬೇಗ ಗುಣ ಕಾಣಿಸಿತು. ಈಗ ಅಣ್ಣನ ಮಕ್ಕಳ ಜೊತೆ ನಿಂತುಕೊಂಡೇ ನಗುತ್ತೇನೆ, ಗೋಡೆ ಹುಡುಕಬೇಕಾಗಿಲ್ಲ.

ಒಂದೇ ಒಂದು ಮಾತು ಮರೆಯಬೇಡಿ: ಇದನ್ನು ಥಟ್ಟನೆ ನಿಲ್ಲಿಸಬಾರದು. ಪ್ರಯಾಣದಲ್ಲಿ ಬ್ಯಾಗ್ ಬೇರೆ ಕಡೆ ಹೋಗಿ ನನಗೆ ಮಾತ್ರೆ ತಪ್ಪಿಹೋಗಿತ್ತು. ಕ್ಯಾಟಪ್ಲೆಕ್ಸಿ ಒಂದರ ಹಿಂದೊಂದು ಬಂದು, ಕುರ್ಚಿಯಿಂದ ಎದ್ದು ಬಾಗಿಲವರೆಗೆ ಹೋಗಲು ಆಗಲಿಲ್ಲ. ಎದ್ದೆ, ಮಂಡಿ ಮಡಚಿತು, ಕೂತೆ, ಯಾರೋ ಏನಾಯ್ತು ಅಂತ ಕೇಳಿದರು, ಉತ್ತರ ಹೇಳಲು ಹೋದರೆ ತಲೆ ಎದೆಗೆ ಬಾಗಿತು. ಔಷಧಿ ಬಿಟ್ಟಾಗ ಮೊದಲಿಗಿಂತ ಜೋರಾಗಿ ಮರಳುವುದು ಇದರ ಗುಣವೇ. ಬಿಡಬೇಕಾದರೆ ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಕೈಚೀಲದಲ್ಲೂ ಸ್ವಲ್ಪ ಇರಲಿ.

ಎರಡುಅಲಾರಂ:

ಸೋಡಿಯಂ ಆಕ್ಸಿಬೇಟ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ಎಲ್ಲ ದೇಶಗಳಲ್ಲೂ ಸಿಗಲ್ಲ, ಸಿಗೋ ಕಡೆಯೂ ಬಿಗಿ ನಿಯಮಗಳ ಅಡಿಯಲ್ಲೇ ಕೊಡೋದು. ಎಫ್‌ಡಿಎ 2002ರಲ್ಲಿ ಕ್ಯಾಟಪ್ಲೆಕ್ಸಿಗೆ, 2005ರಲ್ಲಿ ಹಗಲು ಮಂಪರಿಗೆ ಒಪ್ಪಿಗೆ ಕೊಡ್ತು.

ಇದು ಹಗಲು ಎಚ್ಚರ ಕೊಡೋ ಔಷಧಿ ಅಲ್ಲ, ರಾತ್ರಿ ನಿದ್ದೆ ಕೊಡೋದು. ಗಾಢ ನಿದ್ದೆಯನ್ನ ಒಟ್ಟುಗೂಡಿಸಿ, ಆ ಮೂಲಕ ಹಗಲನ್ನೂ ಕ್ಯಾಟಪ್ಲೆಕ್ಸಿಯನ್ನೂ ಸರಿಮಾಡುತ್ತೆ. ದ್ರವ ರೂಪದಲ್ಲಿರುತ್ತೆ. ಅದರ ಅರ್ಧಾಯುಷ್ಯ ಒಂದು ಗಂಟೆಯೊಳಗೇ, ಹಾಗಾಗಿ ರಾತ್ರಿಗೆ ಎರಡು ಸಲ ಬೇಕು. ಮಲಗೋ ಮುಂಚೆಯೇ ಎರಡೂ ಡೋಸ್ ಅಳೆದು, ನೀರು ಬೆರೆಸಿ, ಮುಚ್ಚಳದ ಎರಡು ಪುಟ್ಟ ಡಬ್ಬಿಯಲ್ಲಿ ಹಾಕಿ ಹಾಸಿಗೆ ಪಕ್ಕ ಇಟ್ಕೋತೀನಿ. ಹಾಸಿಗೆ ಮೇಲೆ ಕೂತ ಮೇಲೇ ಮೊದಲನೆಯದು ಕುಡಿಯೋದು. ಬಾಯೆಲ್ಲಾ ಉಪ್ಪು. ಕುಡಿದು ಓಡಾಡಬಾರದು, ನಿದ್ದೆ ಹೇಳದೆ ಬರುತ್ತೆ. ಎರಡೂವರೆಯಿಂದ ನಾಲ್ಕು ಗಂಟೆ ಬಿಟ್ಟು ಅಲಾರಂಗೆ ಎದ್ದು ಎರಡನೆಯದು. ಊಟಕ್ಕೂ ಮೊದಲ ಡೋಸ್‌ಗೂ ನಡುವೆ ಕನಿಷ್ಠ ಎರಡು ಗಂಟೆ ಇರಬೇಕು.

ಅಪಾಯಗಳನ್ನ ಮುಚ್ಚಿಡಲ್ಲ. ಮದ್ಯದ ಜೊತೆ ಅಥವಾ ನಿದ್ದೆಮಾತ್ರೆ ಜೊತೆ ಇದನ್ನ ಯಾವ ಕಾರಣಕ್ಕೂ ಸೇರಿಸಬಾರದು, ಉಸಿರೇ ನಿಲ್ಲಬಹುದು. ಒಪಿಯಾಯ್ಡ್ ನೋವಿನ ಔಷಧಿ ತಗೊಳ್ತಿದ್ದರೆ ಅದನ್ನೂ ಮುಂಚೆಯೇ ಡಾಕ್ಟರ್‌ಗೆ ಹೇಳಿ. ಉಪ್ಪಿನಂಶ ಬಹಳ: 9 ಗ್ರಾಂ ಡೋಸ್‌ನಲ್ಲಿ 1640 ಮಿ.ಗ್ರಾಂ ಸೋಡಿಯಂ. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಇದು ಸಣ್ಣ ಮಾತಲ್ಲ. ಅದಕ್ಕಾಗೇ 2020ರಲ್ಲಿ ಸೋಡಿಯಂ 92 ಶೇಕಡಾ ಕಡಿಮೆ ಇರೋ ಆಕ್ಸಿಬೇಟ್ ಬಂತು. 2023ರಲ್ಲಿ ರಾತ್ರಿಗೆ ಒಂದೇ ಸಲ ತಗೊಳ್ಳೋದೂ ಬಂತು. ನಾನಿನ್ನೂ ಹಳೆಯದರಲ್ಲೇ ಇದ್ದೀನಿ. ಮೊದಮೊದಲು ವಾಕರಿಕೆ ಬಹಳ ಕಾಡಿತು, ಡೋಸನ್ನ ನಿಧಾನಕ್ಕೆ ಏರಿಸಿದ ಮೇಲೆ ಇಳಿಯಿತು. ಬೆಳಿಗ್ಗೆ ಎದ್ದಾಗ ಮಲಗಿ ಎದ್ದಿದ್ದೀನಿ ಅನ್ನಿಸುತ್ತೆ. ಇದರ ಬೆಲೆ ಏನು ಅಂತ ಈ ಕಾಯಿಲೆ ಇದ್ದವರಿಗೇ ಗೊತ್ತು.

ಹುಡುಗನತಾಯಿ:

ನನ್ನ ಮಗನಿಗೆ ಹನ್ನೆರಡು ವರ್ಷ, ಹೋದ ವರ್ಷ ಪತ್ತೆಯಾಯಿತು. ನಿಮ್ಮೆಲ್ಲರ ಮಾತು ಓದುತ್ತಿದ್ದರೆ ಒಂದು ಕಡೆ ಧೈರ್ಯ, ಇನ್ನೊಂದು ಕಡೆ ಸಂಕಟ. ಮಕ್ಕಳಿಗೆ ಯಾವುದು ಕೊಡುತ್ತಾರೆ? ಅವನು ನಗುವುದನ್ನೇ ಕಡಿಮೆ ಮಾಡಿದ್ದಾನೆ, ಬಿದ್ದುಬಿಡುತ್ತೇನೆ ಅಂತ. ಅದೇ ನನಗೆ ತಡೆಯಲಾಗದು.

ಮಾತ್ರೆಪೆಟ್ಟಿಗೆ:

ಅಮ್ಮಾ, ಮಕ್ಕಳ ಡೋಸ್ ತೂಕ ನೋಡಿ ನಿರ್ಧರಿಸುವಂಥದ್ದು, ಮಕ್ಕಳ ನರರೋಗ ಅಥವಾ ನಿದ್ದೆಯ ತಜ್ಞರೇ ನೋಡಬೇಕು. ತಿಳಿದಿದ್ದಷ್ಟು ಹೇಳುತ್ತೇನೆ. ಆಕ್ಸಿಬೇಟ್‌ಗೆ ಏಳು ವರ್ಷ ಮೇಲ್ಪಟ್ಟ ಮಕ್ಕಳಲ್ಲಿ 2018ರಿಂದ ಎಫ್‌ಡಿಎ ಒಪ್ಪಿಗೆ ಇದೆ, ಕ್ಯಾಟಪ್ಲೆಕ್ಸಿಗೂ ಸೇರಿ. ಪಿಟೊಲಿಸೆಂಟ್‌ಗೆ ಆರು ವರ್ಷ ಮೇಲ್ಪಟ್ಟವರ ಹಗಲು ಮಂಪರಿಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಮಿಥೈಲ್‌ಫೆನಿಡೇಟನ್ನೂ ತಜ್ಞರು ಬಳಸುತ್ತಾರೆ, ಆಗ ಹಸಿವು ಮತ್ತು ತೂಕದ ಮೇಲೆ ಕಣ್ಣಿಡಬೇಕು. ಮೊಡಾಫಿನಿಲ್‌ಗೆ ಮಕ್ಕಳಲ್ಲಿ ಎಫ್‌ಡಿಎ ಒಪ್ಪಿಗೆ ಇಲ್ಲ, ಚರ್ಮದ ಆ ತೀವ್ರ ಅಡ್ಡಪರಿಣಾಮದ ಆತಂಕ ಇದಕ್ಕೊಂದು ಕಾರಣ.

ನಗು ಕಡಿಮೆ ಮಾಡಿದ್ದಾನೆ ಅನ್ನುವುದನ್ನು ಇದೇ ಮಾತಿನಲ್ಲಿ ಡಾಕ್ಟರ್‌ಗೆ ಹೇಳಿ. ಬೀಳುವುದು ಎಷ್ಟು ಸಲ ಅಂತ ಕೇಳಿದಾಗ "ಈಗ ಕಡಿಮೆ" ಅಂದರೆ ಕಾಯಿಲೆ ಹತೋಟಿಗೆ ಬಂದಿದೆ ಅಂದುಕೊಂಡುಬಿಡುತ್ತಾರೆ.

ನಸುಕು:

ಅಕ್ಕಾ, ಶಾಲೆಯಲ್ಲೂ ಮಾತಾಡಿ. ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಲು ಒಂದು ಜಾಗ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. ಡಾಕ್ಟರ್ ಪತ್ರ ಇದ್ದರೆ ಕೇಳಲು ಸಂಕೋಚ ಬೇಡ.

ನಿಧಾನಗತಿ:

ಪಿಟೊಲಿಸೆಂಟ್ ಹೆಸರು ಬಂತಲ್ಲ, ನಾನು ಅದರಲ್ಲೇ ಇರೋದು. ಇದು ಮೆದುಳಿನ ಹಿಸ್ಟಮಿನ್ ದಾರಿಯಲ್ಲಿ ಕೆಲಸ ಮಾಡುತ್ತೆ, ಎಚ್3 ಗ್ರಾಹಕಗಳನ್ನ (ಜೀವಕೋಶದ ಮೇಲೆ ಸಂಕೇತ ಹಿಡಿಯೋ ಜಾಗಗಳನ್ನ) ತಡೆದು, ಎಚ್ಚರ ಇರಿಸೋ ಹಿಸ್ಟಮಿನ್ ಹೆಚ್ಚಿಸುತ್ತೆ. ಹಗಲು ಮಂಪರು, ಕ್ಯಾಟಪ್ಲೆಕ್ಸಿ ಎರಡಕ್ಕೂ ಇದೆ. ದಿನಕ್ಕೊಂದೇ ಸಲ, ಬೆಳಿಗ್ಗೆ ಎದ್ದಾಗ. ಅಮೆರಿಕದಲ್ಲಿ ದುರ್ಬಳಕೆಯ ನಿಯಂತ್ರಿತ ಪಟ್ಟಿಗೆ ಇದನ್ನ ಸೇರಿಸಿಲ್ಲ.

ಆದರೆ ತಾಳ್ಮೆ ಬೇಕು. 8.9 ಮಿ.ಗ್ರಾಂನಿಂದ ಶುರುಮಾಡಿ ವಾರವಾರ ಏರಿಸಿ 35.6ವರೆಗೆ ಹೋಗ್ತಾರೆ, ಪೂರ್ತಿ ಗುಣ ಕಾಣೋಕೆ ಎಂಟು ವಾರ ಹಿಡಿಯಬಹುದು. ಎರಡನೇ ವಾರಕ್ಕೇ ಇದು ಕೆಲಸ ಮಾಡ್ತಿಲ್ಲ ಅಂತ ಬಿಟ್ಟವರನ್ನ ನೋಡಿ ನನಗೆ ಬೇಸರ ಆಗುತ್ತೆ. ಹೃದಯದ ಕ್ಯುಟಿ ಅಂತರ (ಇಸಿಜಿಯಲ್ಲಿ ಅಳೆಯೋ, ಬಡಿತದ ಲಯಕ್ಕೆ ಸಂಬಂಧಿಸಿದ ಒಂದು ಅವಧಿ) ಹಿಗ್ಗಿಸೋ ಗುಣ ಇರೋದರಿಂದ ಶುರು ಮಾಡೋ ಮುಂಚೆ ನನಗೆ ಇಸಿಜಿ ಮಾಡಿಸಿದ್ದರು. ಇನ್ನೊಂದು, ನೆಗಡಿಗೆ ಅಂತ ಮಂಪರು ಬರಿಸೋ ಹಳೇ ಅಲರ್ಜಿ ಮಾತ್ರೆ ನುಂಗಿದರೆ ಅದು ಪಿಟೊಲಿಸೆಂಟ್‌ಗೆ ನೇರ ಎದುರು ನಿಲ್ಲುತ್ತೆ. ಬೇರೆ ಡಾಕ್ಟರ್ ಹತ್ರ ಜ್ವರಕ್ಕೆ ಹೋದರೂ ಇದರ ಹೆಸರು ಹೇಳಿ.

ಅರೆಎಚ್ಚರ:

ಇಷ್ಟು ಮಂದಿ ಇಷ್ಟು ಬಿಡಿಸಿ ಬರೆದಿದ್ದೀರಿ, ಹೇಗೆ ಕೃತಜ್ಞತೆ ಹೇಳಲಿ. ಮಂಪರು ಯಾವ ಗಂಟೆಗೆ, ಕ್ಯಾಟಪ್ಲೆಕ್ಸಿ ಯಾವಾಗ, ರಾತ್ರಿ ಎಷ್ಟು ಸಲ ಎಚ್ಚರ, ಇದನ್ನೆಲ್ಲ ಇಂದಿನಿಂದ ಬರೆದಿಡುತ್ತಿದ್ದೇನೆ. ಆ ಗೀಟು ಬಿದ್ದ ಹಾಳೆಯನ್ನೂ ಡಾಕ್ಟರ್‌ಗೆ ತೋರಿಸುತ್ತೇನೆ. ಸೋಲ್ರಿಯಾಮ್‌ಫೆಟಾಲ್ ಅಂತ ಇನ್ನೊಂದರ ಹೆಸರು ಕೇಳಿದ್ದೆ, ಅದರ ಬಗ್ಗೆ? ಒರೆಕ್ಸಿನ್ ಅನ್ನೇ ತುಂಬುವ ಔಷಧಿ ಬರುತ್ತದೆ ಅನ್ನುವುದು ನಿಜವೇ?

ಮಾತ್ರೆಪೆಟ್ಟಿಗೆ:

ಸೋಲ್ರಿಯಾಮ್‌ಫೆಟಾಲ್ ಡೋಪಮೈನ್ ಮತ್ತು ನಾರ್‌ಎಪಿನೆಫ್ರಿನ್ ಮರುಹೀರಿಕೆಯನ್ನು ತಡೆಯುತ್ತದೆ. 2019ರಲ್ಲಿ ಎಫ್‌ಡಿಎ ಒಪ್ಪಿದ್ದು. ನಾರ್ಕೊಲೆಪ್ಸಿಗೆ 75 ಮಿ.ಗ್ರಾಂನಿಂದ ಶುರು, ಹೆಚ್ಚೆಂದರೆ 150. ಎಚ್ಚರ ಚೆನ್ನಾಗಿ ಕೊಡುತ್ತದೆ, ಕ್ಯಾಟಪ್ಲೆಕ್ಸಿಗೆ ಅಲ್ಲ. ಬಿಪಿ ಮತ್ತು ನಾಡಿ ಏರಿಸುತ್ತದೆ, ಕಿಡ್ನಿ ಮೂಲಕವೇ ಹೊರಹೋಗುವುದರಿಂದ ಕಿಡ್ನಿ ದುರ್ಬಲವಿದ್ದವರಿಗೆ ಡೋಸ್ ಇಳಿಸಬೇಕು.

ಒರೆಕ್ಸಿನ್ ಅನ್ನು ಹಾಗೇ ಮಾತ್ರೆಯಾಗಿ ನುಂಗಿದರೆ ಮೆದುಳಿಗೆ ತಲುಪುವುದಿಲ್ಲ. ಅದರ ಬದಲು ಒರೆಕ್ಸಿನ್ 2 ಗ್ರಾಹಕವನ್ನು ಎಬ್ಬಿಸುವ ಅಣುಗಳನ್ನು ತಯಾರಿಸುತ್ತಿದ್ದಾರೆ. ಒಂದರ ಪ್ರಯೋಗ ಯಕೃತ್ತಿಗೆ ಪೆಟ್ಟು ಕಂಡಿದ್ದರಿಂದ 2021ರಲ್ಲಿ ನಿಂತಿತು. ಅದೇ ಗುಂಪಿನ ಓವೆಪೊರೆಕ್ಸ್‌ಟನ್ ಅನ್ನುವುದು 2025ರಲ್ಲಿ ಟೈಪ್ 1 ಇರುವವರ ಮೂರನೇ ಹಂತದ ಪ್ರಯೋಗಗಳಲ್ಲಿ ಮಂಪರು, ಕ್ಯಾಟಪ್ಲೆಕ್ಸಿ ಎರಡರಲ್ಲೂ ಒಳ್ಳೆಯ ಫಲ ತೋರಿಸಿದೆ. ನಿದ್ದೆ ಬಾರದಿರುವುದು, ಮೂತ್ರಕ್ಕೆ ಅವಸರವಾಗುವುದು ಅದರಲ್ಲಿ ಕಂಡ ಅಡ್ಡಪರಿಣಾಮಗಳು. ನನ್ನ ತಮ್ಮನಿಗಾಗಿ ನಾನು ಅತಿ ಆಸೆಯಿಂದ ನೋಡುತ್ತಿರುವುದು ಇದನ್ನೇ.

ಬೆಳಗಿನಜೊಂಪು:

ಮೇಲೆ ಗರ್ಭನಿರೋಧಕದ ಮಾತು ಬಂದಿದ್ದರಿಂದ ಕೇಳುತ್ತಿದ್ದೇನೆ. ನಾನು ಆರ್ಮೊಡಾಫಿನಿಲ್‌ನಲ್ಲಿದ್ದೇನೆ, ಮುಂದಿನ ವರ್ಷ ಮಗು ಬೇಕು ಅಂದುಕೊಂಡಿದ್ದೇವೆ. ಗರ್ಭ ನಿಂತ ಮೇಲೆ ಡಾಕ್ಟರ್‌ಗೆ ಹೇಳಿದರೆ ಸಾಕೇ?

ಮಾತ್ರೆಪೆಟ್ಟಿಗೆ:

ಸಾಲದು ಮೇಡಂ, ಈಗಲೇ ಹೇಳಿ. ಗರ್ಭಿಣಿಯರು ಮೊಡಾಫಿನಿಲ್, ಆರ್ಮೊಡಾಫಿನಿಲ್ ತೆಗೆದುಕೊಂಡಾಗ ಶಿಶುವಿನಲ್ಲಿ ಜನ್ಮದೋಷದ ಅಪಾಯ ಹೆಚ್ಚಬಹುದು ಅನ್ನುವ ಮಾಹಿತಿ ಬಂದ ಮೇಲೆ ಹಲವು ದೇಶಗಳ ಔಷಧ ನಿಯಂತ್ರಕರು ಗರ್ಭಾವಸ್ಥೆಯಲ್ಲಿ ಇವನ್ನು ಬಳಸಬಾರದು ಅಂತ ಎಚ್ಚರಿಸಿದ್ದಾರೆ. ಮಗುವಿನ ಅಂಗಾಂಗಗಳು ರೂಪುಗೊಳ್ಳುವುದು ಮೊದಲ ವಾರಗಳಲ್ಲಿ, ಎಷ್ಟೋ ಸಲ ಗರ್ಭ ನಿಂತಿದೆ ಅಂತ ಗೊತ್ತಾಗುವ ಮೊದಲೇ. ನಿದ್ದೆಯ ತಜ್ಞರು, ಪ್ರಸೂತಿ ತಜ್ಞರು ಇಬ್ಬರೂ ಸೇರಿ ಮಾತ್ರೆ ಯಾವಾಗ ನಿಲ್ಲಿಸುವುದು, ಆ ತಿಂಗಳುಗಳಲ್ಲಿ ಕೆಲಸದ ಹೊತ್ತು, ಮಧ್ಯಾಹ್ನದ ನಿದ್ದೆ, ವಾಹನ ಓಡಿಸುವುದು ಹೇಗೆ ಅಂತ ಮುಂಚಿತವಾಗಿಯೇ ಗೊತ್ತುಮಾಡಬೇಕು. ಅಲ್ಲಿಯವರೆಗೆ ಕಾಂಡೋಮ್ ಅಥವಾ ಕಾಪರ್ ಟಿ ಥರದ, ಹಾರ್ಮೋನ್ ಇಲ್ಲದ ವಿಧಾನ ಬಳಸಿ.

ಬೆಳಗಿನಜೊಂಪು:

ಈ ವಾರವೇ ಇಬ್ಬರು ಡಾಕ್ಟರ್‌ಗಳ ಹತ್ತಿರವೂ ಹೋಗುತ್ತೇನೆ. ಮಾತ್ರೆ ಇಲ್ಲದ ಆ ತಿಂಗಳುಗಳನ್ನು ಕಳೆದ ತಾಯಂದಿರು ಯಾರಾದರೂ ಇಲ್ಲಿದ್ದರೆ, ಕೆಲಸಕ್ಕೆ ರಜೆ ಹಾಕಬೇಕಾಯಿತೇ ಅಂತ ದಯವಿಟ್ಟು ಬರೆಯಿರಿ.